ಮೆರ್ಕ್ಲಿನ್ ಡಿಜಿಟಲ್ ಆರಂಭಿಕ ಸೆಟ್: ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು

ಮಾದರಿ ರೈಲಿನ ಆರಂಭಿಕ ಸೆಟ್ ಕೊಳ್ಳಲು ಹೊರಟವರ ಕಣ್ಣು ಸಹಜವಾಗಿ ಪೆಟ್ಟಿಗೆಯ ಮೇಲಿನ ಎಂಜಿನ್ನಿನ ಚಿತ್ರದಲ್ಲಿ ನೆಡುತ್ತದೆ. ಕಪ್ಪು ಉಗಿ ಎಂಜಿನ್ ಬೇಕೋ ಕೆಂಪು ವಿದ್ಯುತ್ ಎಂಜಿನ್ ಬೇಕೋ, ಪ್ರಯಾಣಿಕರ ಬೋಗಿಗಳೋ ಸರಕಿನ ವ್ಯಾಗನ್‌ಗಳೋ ಎಂಬ ಚರ್ಚೆಯಲ್ಲೇ ಆಯ್ಕೆ ಮುಗಿದುಹೋಗುತ್ತದೆ. ಆದರೆ ಈ ಹವ್ಯಾಸ ಒಮ್ಮೆ ಬೇರೂರಿತೆಂದರೆ ಆ ಮೊದಲ ಎಂಜಿನ್ ಸ್ವಲ್ಪ ಕಾಲದಲ್ಲೇ ಹಲವು ಎಂಜಿನ್‌ಗಳಲ್ಲಿ ಒಂದಾಗುತ್ತದೆ. ಅದರ ಜೊತೆಗೆ ಬಂದ ಹಳಿ ಮತ್ತು ಕಂಟ್ರೋಲರ್ ಮಾತ್ರ ಮುಂದೆ ಕೊಳ್ಳುವ ಪ್ರತಿಯೊಂದು ವಸ್ತುವನ್ನೂ ನಿರ್ಧರಿಸುತ್ತಾ ಹೋಗುತ್ತವೆ. ಈ ವಿಮರ್ಶೆಯನ್ನು ಆ ದೃಷ್ಟಿಯಿಂದಲೇ ಬರೆಯುತ್ತಿದ್ದೇನೆ. ಇಲ್ಲಿ ಪರಿಶೀಲಿಸುತ್ತಿರುವುದು ಜರ್ಮನಿಯ ಮೆರ್ಕ್ಲಿನ್ ಸಂಸ್ಥೆಯ ಎಚ್‌ಓ ಅಳತೆಯ ಡಿಜಿಟಲ್ ಆರಂಭಿಕ ಸೆಟ್, ಅಂದರೆ ಮೊಬೈಲ್ ಸ್ಟೇಷನ್ ಎಂಬ ಕೈ ಕಂಟ್ರೋಲರ್ ಮತ್ತು ಸಿ-ಟ್ರ್ಯಾಕ್ ಎಂಬ ಹಳಿ ಇರುವ ಸೆಟ್. ಇದೇ ವರ್ಗದ ಸೆಟ್‌ಗಳು ಬೇರೆ ಬೇರೆ ಎಂಜಿನ್‌ಗಳೊಂದಿಗೆ ಹೊರಬರುತ್ತಲೇ ಇರುತ್ತವೆ. ಒಳಗಿನ ವ್ಯವಸ್ಥೆ ಮಾತ್ರ ಒಂದೇ ಆಗಿರುವುದರಿಂದ ಇಲ್ಲಿನ ಮಾತುಗಳು ಅವೆಲ್ಲಕ್ಕೂ ಸಲ್ಲುತ್ತವೆ.

ಪೆಟ್ಟಿಗೆಯೊಳಗೆ ಡಿಕೋಡರ್ (ಕಂಟ್ರೋಲರ್ ಕಳಿಸುವ ಆಜ್ಞೆಯನ್ನು ಓದುವ ಪುಟ್ಟ ಸರ್ಕಿಟ್) ಅಳವಡಿಸಿದ ಒಂದು ಎಂಜಿನ್, ಕೆಲವು ಬೋಗಿಗಳು ಅಥವಾ ವ್ಯಾಗನ್‌ಗಳು, ಅಂಡಾಕಾರಕ್ಕೆ ಸಾಲುವಷ್ಟು ಹಳಿ, ಕೆಲವು ಸೆಟ್‌ಗಳಲ್ಲಿ ಒಂದೆರಡು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ತುಂಡು), ಮೊಬೈಲ್ ಸ್ಟೇಷನ್, ಅದನ್ನು ಹಳಿಗೆ ಜೋಡಿಸುವ ಒಂದು ಸಣ್ಣ ಡಬ್ಬಿ ಮತ್ತು ವಿದ್ಯುತ್ ಅಡಾಪ್ಟರ್ ಇರುತ್ತವೆ. ಎಚ್‌ಓ ಎಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಕಂಬಿಗಳ ನಡುವಿನ ಅಂತರ 16.5 ಮಿ.ಮೀ. ಇದಕ್ಕಿಂತ ಚಿಕ್ಕದಾದ ಎನ್ ಅಳತೆ 160ನೇ ಒಂದು ಭಾಗವಾಗಿದ್ದು 9 ಮಿ.ಮೀ. ಅಂತರದ ಕಂಬಿಗಳ ಮೇಲೆ ಓಡುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ದೃಶ್ಯ ಕಟ್ಟಲು ಅದು ಅನುಕೂಲ. ಹಾಗಿದ್ದರೂ ಮೊದಲ ಬಾರಿಗೆ ಕೈಯಿಡುವವರಿಗೆ ಎಚ್‌ಓ ಅಳತೆಯೇ ಹಿತವೆಂಬುದು ನನ್ನ ಅಭಿಪ್ರಾಯ. ಚಕ್ರಗಳನ್ನು ಕಂಬಿಯ ಮೇಲೆ ಕೂರಿಸಲು ಕಷ್ಟವಿಲ್ಲ, ಎಂಜಿನ್ನಿಗೆ ತೂಕವಿದೆ, ಆ ತೂಕದಿಂದಾಗಿ ವಿದ್ಯುತ್ ಸಂಪರ್ಕ ಗಟ್ಟಿಯಾಗಿರುತ್ತದೆ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಪೆಟ್ಟಿಗೆಯ ಮೇಲೆ ಡಿಜಿಟಲ್ ಎಂದು ಬರೆದಿದ್ದರೆ ಸಾಲದು. ಚಿಕ್ಕ ಮಕ್ಕಳಿಗಾಗಿ ರೂಪಿಸಿದ ಕೆಲವು ಸೆಟ್‌ಗಳಲ್ಲಿ ಇನ್‌ಫ್ರಾರೆಡ್ ರಿಮೋಟ್ ಇರುತ್ತದೆ. ಅದರಿಂದ ನಡೆಸಬಹುದಾದ ಎಂಜಿನ್‌ಗಳ ಸಂಖ್ಯೆ ಬಹಳ ಕಡಿಮೆ, ಡಿಕೋಡರ್‌ನ ಹೊಂದಾಣಿಕೆಗಳನ್ನು ಬದಲಿಸುವ ದಾರಿಯೂ ಇಲ್ಲ. ಮಗುವಿನ ಆಟಕ್ಕೆ ಅವು ಚೆನ್ನಾಗಿಯೇ ಇವೆ. ಆದರೆ ಬೆಳೆಸಿಕೊಂಡು ಹೋಗುವ ಉದ್ದೇಶವಿದ್ದರೆ ಒಳಗಿರುವುದು ಮೊಬೈಲ್ ಸ್ಟೇಷನ್ ಹೌದೇ ಎಂಬುದನ್ನು ಪೆಟ್ಟಿಗೆಯ ಬದಿಯಲ್ಲಿರುವ ಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಎರಡು ಬಗೆಯ ಸೆಟ್‌ಗಳ ಬೆಲೆಯ ಅಂತರ ಬಹುಪಾಲು ಇರುವುದು ಇಲ್ಲಿಯೇ, ಎಂಜಿನ್ನಿನ ಬಣ್ಣದಲ್ಲಲ್ಲ.

ಡಿಜಿಟಲ್ ಎಂಬುದರ ಪ್ರಯೋಜನವೇನೆಂದು ಸ್ಪಷ್ಟವಾಗದಿದ್ದರೆ ಈ ಸೆಟ್ಟಿನ ಬೆಲೆ ಹೆಚ್ಚೆನಿಸುವುದು ಸಹಜ. ಹಳೆಯ ಅನಲಾಗ್ ವ್ಯವಸ್ಥೆಯಲ್ಲಿ ಟ್ರಾನ್ಸ್‌ಫಾರ್ಮರ್‌ನ ಗುಂಡಿ ತಿರುಗಿಸಿದಂತೆ ಕಂಬಿಯಲ್ಲಿನ ವೋಲ್ಟೇಜ್ ಏರಿಳಿಯುತ್ತದೆ, ಕಂಬಿಯ ಮೇಲಿರುವ ಎಂಜಿನ್‌ಗಳೆಲ್ಲವೂ ಒಟ್ಟಿಗೆ ಅದಕ್ಕೆ ಪ್ರತಿಕ್ರಿಯಿಸುತ್ತವೆ. ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ನಡೆಸಬೇಕಾದರೆ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಸ್ವಿಚ್ ಇಟ್ಟು ತಂತಿ ಎಳೆಯಬೇಕು. ಡಿಜಿಟಲ್‌ನಲ್ಲಿ ಕಂಬಿಗೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ಅದರ ಮೇಲೆಯೇ ಸಂಕೇತಗಳು ಹರಿಯುತ್ತವೆ. ಪ್ರತಿಯೊಂದು ಎಂಜಿನ್ನಿನೊಳಗಿನ ಡಿಕೋಡರ್ ತನ್ನ ವಿಳಾಸಕ್ಕೆ, ಅಂದರೆ ತನಗೆ ಗೊತ್ತುಮಾಡಿದ ಸಂಖ್ಯೆಗೆ, ಬಂದ ಆಜ್ಞೆಯನ್ನಷ್ಟೇ ಸ್ವೀಕರಿಸಿ, ಕಂಬಿಯ ವಿದ್ಯುತ್ತಿನಿಂದ ಮೋಟರಿಗೆ ಎಷ್ಟು ಬೇಕೋ ಅಷ್ಟನ್ನು ಅಳೆದು ಕೊಡುತ್ತದೆ. ನಿಂತ ಎಂಜಿನ್ನಿನ ದೀಪ ಉರಿಯುವುದಕ್ಕೂ, ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳು ಎದುರುಬದುರಾಗಿ ಬಂದು ಮುಖಾಮುಖಿ ನಿಲ್ಲುವುದಕ್ಕೂ ಕಾರಣ ಇದೇ.

ಮೆರ್ಕ್ಲಿನ್ ತನ್ನ ಡಿಜಿಟಲ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದದ್ದು 1985ರಲ್ಲಿ. ಮೊಟೊರೊಲಾ ಕಂಪನಿಯ ಚಿಪ್‌ಗಳನ್ನು ಆಧರಿಸಿದ್ದರಿಂದ ಆ ಸಂಕೇತಪದ್ಧತಿಗೆ ಮೊಟೊರೊಲಾ ಎಂಬ ಹೆಸರೇ ಉಳಿಯಿತು. ಅದರಲ್ಲಿ 80 ವಿಳಾಸಗಳಿದ್ದವು, ವೇಗಕ್ಕೆ 14 ಹಂತಗಳಿದ್ದವು, ಎಂಜಿನ್ನಿನ ಹೊದಿಕೆ ಬಿಚ್ಚಿ ಡಿಕೋಡರ್ ಮೇಲಿನ ಪುಟ್ಟ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ವಿಳಾಸ ನಿಗದಿಪಡಿಸಬೇಕಿತ್ತು. 2004ರಲ್ಲಿ ಬಂದ ಎಂಎಫ್‌ಎಕ್ಸ್ ಪದ್ಧತಿ ಈ ಕೆಲಸವನ್ನೇ ಇಲ್ಲವಾಗಿಸಿತು. ಇಲ್ಲಿ ಎಂಜಿನ್ ಮತ್ತು ಕಂಟ್ರೋಲರ್ ನಡುವೆ ಮಾಹಿತಿ ಎರಡೂ ದಿಕ್ಕಿಗೆ ಹರಿಯುತ್ತದೆ. ಹೊಸ ಎಂಜಿನ್ನನ್ನು ಕಂಬಿಯ ಮೇಲಿಟ್ಟು ಸುಮ್ಮನಿದ್ದರೆ ಸಾಕು: ಮೊಬೈಲ್ ಸ್ಟೇಷನ್‌ನ ಪರದೆ ಹೊಸದೊಂದು ಬಂದಿದೆ ಎಂಬುದನ್ನು ಗುರುತಿಸುತ್ತದೆ, ಸ್ವಲ್ಪ ಹೊತ್ತು ಮಾಹಿತಿ ತರಿಸಿಕೊಳ್ಳುತ್ತದೆ, ಬಳಿಕ ಎಂಜಿನ್ನಿನ ಹೆಸರು ಮೂಡುತ್ತದೆ, ಎಡಬಲ ಅಂಚಿನಲ್ಲಿ ದೀಪ, ಶಿಳ್ಳೆ, ಚಾಲಕನ ಕೋಣೆಯ ಬೆಳಕು ಮುಂತಾದ ಆ ಎಂಜಿನ್ನಿಗಿರುವ ಸೌಲಭ್ಯಗಳ ಚಿಹ್ನೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ವಿಳಾಸ, ಸಂಖ್ಯೆ, ಕೋಷ್ಟಕ ಯಾವುದರ ಗೊಡವೆಯೂ ಇಲ್ಲ. ಆರಂಭಿಕ ಸೆಟ್ಟೊಂದರಲ್ಲಿ ಇದಕ್ಕಿಂತ ಉಪಯುಕ್ತವಾದ ಗುಣ ಮತ್ತೊಂದಿಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೊಸಬರು ಕೈಬಿಡುವುದು ಓಡಿಸುವ ಕಷ್ಟದಿಂದಲ್ಲ, ಓಡಿಸುವ ಮೊದಲು ಓದಬೇಕಾದ ಪುಟಗಳಿಂದ.

ಇದನ್ನು ಡಿಸಿಸಿ ಎಂಬ ಇನ್ನೊಂದು ಪದ್ಧತಿಯೊಂದಿಗೆ ಹೋಲಿಸಿ ನೋಡಬೇಕು. ಜರ್ಮನಿಯ ಲೆಂಜ್ ಸಂಸ್ಥೆ ರೂಪಿಸಿದ, 1990ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಮಾನದಂಡವಾಗಿ ಒಪ್ಪಿಕೊಂಡ ಡಿಸಿಸಿ ಇಂದು ಬಹುತೇಕ ತಯಾರಕರ ಸಾಮಾನ್ಯ ಭಾಷೆಯಾಗಿದೆ. ಅದರಲ್ಲಿ ಹೊಸ ಎಂಜಿನ್ನಿನ ವಿಳಾಸ ರೂಢಿಯಂತೆ 3 ಆಗಿರುತ್ತದೆ. ಎರಡನೆಯ ಎಂಜಿನ್ ಬಂದ ದಿನ ಅದರ ವಿಳಾಸವೂ 3 ಆಗಿರುವುದರಿಂದ, ಒಂದನ್ನು ಬದಲಿಸದೆ ಬೇರೆ ಬೇರೆಯಾಗಿ ಓಡಿಸಲಾಗದು. ಬದಲಿಸುವುದು ಕಷ್ಟವೇನಲ್ಲ, ಡಿಕೋಡರ್‌ನಲ್ಲಿ ಹೊಂದಾಣಿಕೆಗಳನ್ನು ಉಳಿಸುವ ಸಿವಿ ಎಂಬ ಸ್ಥಾನಗಳ ಪೈಕಿ ಸಿವಿ 1ರಲ್ಲಿ ಬೇರೊಂದು ಸಂಖ್ಯೆ ಬರೆದರೆ ಮುಗಿಯಿತು. ಸಿವಿ 3ರಲ್ಲಿ ವೇಗ ಏರುವ ನಿಧಾನ, ಸಿವಿ 4ರಲ್ಲಿ ಇಳಿಯುವ ನಿಧಾನ, ಸಿವಿ 29ರಲ್ಲಿ ದಿಕ್ಕು ಮತ್ತು ವಿಳಾಸದ ಬಗೆ ಎಂಬುದನ್ನು ಒಮ್ಮೆ ಕಲಿತರೆ ಅದು ಎಲ್ಲ ಕಂಪನಿಗಳ ಎಂಜಿನ್‌ಗಳಿಗೂ ಅನ್ವಯಿಸುತ್ತದೆ. ಕಲಿಕೆಗೆ ತಕ್ಕ ಸ್ವಾತಂತ್ರ್ಯ ಅಲ್ಲಿ ದೊರೆಯುತ್ತದೆ. ಮೆರ್ಕ್ಲಿನ್‌ನ ಮೊಬೈಲ್ ಸ್ಟೇಷನ್ ಎಂಎಫ್‌ಎಕ್ಸ್ ಮತ್ತು ಮೊಟೊರೊಲಾ ಜೊತೆಗೆ ಡಿಸಿಸಿಯನ್ನೂ ಅರಿಯುತ್ತದೆ ಎಂಬುದು ಅದರ ಪರವಾಗಿ ಹೇಳಬೇಕಾದ ಮಾತು.

ಇನ್ನು ಮೊಬೈಲ್ ಸ್ಟೇಷನ್ನಿನ ವಿಷಯ. ಎರಡೂ ಕೈಗಳಿಂದ ಹಿಡಿದುಕೊಳ್ಳುವಂತಿರುವ ಅದರ ನಡುವೆ ಕೆಂಪು ಗುಂಡಿಯೊಂದಿದೆ. ತಿರುಗಿಸಿದರೆ ವೇಗ, ಒತ್ತಿದರೆ ದಿಕ್ಕಿನ ಬದಲಾವಣೆ. ಈ ಒಂದು ಗುಂಡಿಗೆ ಅಭ್ಯಾಸವಾದ ಮೇಲೆ ಪರದೆಯ ಕಡೆ ನೋಡುವ ಅಗತ್ಯವೇ ಬೀಳುವುದಿಲ್ಲ. ಕಣ್ಣು ರೈಲಿನ ಮೇಲಿರುತ್ತದೆ, ಬೆರಳು ತನ್ನ ಕೆಲಸ ಮಾಡುತ್ತದೆ. ಮೊಬೈಲ್ ಫೋನಿನ ಪರದೆಯಲ್ಲಿ ಬೆರಳು ಜಾರಿಸಿ ರೈಲು ಓಡಿಸುವ ಆ್ಯಪ್‌ಗಳು ಈಗ ಎಷ್ಟೋ ಬಂದಿವೆ, ಆದರೆ ಬೋಗಿಗಳನ್ನು ಮೆಲ್ಲಗೆ ಹಿಂದೆ ತಳ್ಳಿ ಇನ್ನೊಂದು ಸಾಲಿಗೆ ಸೇರಿಸುವಂಥ ಸೂಕ್ಷ್ಮ ಕೆಲಸಕ್ಕೆ ಕೈಗೆ ಹಿಡಿತ ಸಿಗುವ ಗುಂಡಿಯೇ ಬೇಕು. ನಿಲುಗಡೆಯ ಗುಂಡಿ ಒತ್ತಿದೊಡನೆ ಇಡೀ ಹಳಿಯ ವಿದ್ಯುತ್ ಕಡಿತವಾಗುತ್ತದೆ. ಹಳಿ ತಪ್ಪಿದಾಗ ಕೈ ಮೊದಲು ಅಲ್ಲಿಗೇ ಹೋಗಬೇಕು. ಜೋಡಣೆಯ ಡಬ್ಬಿಗೆ ಎರಡನೆಯ ಮೊಬೈಲ್ ಸ್ಟೇಷನ್ನನ್ನೂ ಸಿಕ್ಕಿಸಬಹುದಾದ್ದರಿಂದ, ಇಬ್ಬರು ಒಂದೇ ಹಳಿಯ ಮೇಲೆ ತಮ್ಮ ತಮ್ಮ ರೈಲನ್ನು ನಡೆಸಬಹುದು. ಒಬ್ಬರು ಓಡಿಸುವಾಗ ಇನ್ನೊಬ್ಬರು ಸರದಿಗಾಗಿ ಕಾಯಬೇಕಾದ ಆಟಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಓಡಿಸಬೇಕಾದ ಆಟಕ್ಕೂ ಬಹಳ ವ್ಯತ್ಯಾಸವಿದೆ.

ಇದರ ಕೊರತೆಗಳನ್ನೂ ಹೇಳಬೇಕು. ಪರದೆ ಚಿಕ್ಕದು, ಬೆರಳಿನಿಂದ ಮುಟ್ಟಿ ಕೆಲಸ ಮಾಡಿಸುವಂಥದ್ದಲ್ಲ. ಎಂಜಿನ್ನಿನ ಹೊಂದಾಣಿಕೆಗಳನ್ನು ಬದಲಿಸಲು ಪಟ್ಟಿಯೊಳಗಿನ ಪಟ್ಟಿಗೆ ಇಳಿಯಬೇಕಾಗುತ್ತದೆ, ಹೆಸರು ತಿದ್ದಬೇಕಾದರೆ ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ಆರಿಸಬೇಕು. ರೈಲು ಎಲ್ಲಿದೆ ಎಂಬುದನ್ನು ಹಳಿಯಿಂದ ತಿಳಿದುಕೊಂಡು ತಾನಾಗಿ ನಿಲ್ಲಿಸುವ, ಹೊರಡಿಸುವ ಸ್ವಯಂಚಾಲನೆ ಇದರಿಂದ ಆಗದು. ಅದಕ್ಕೆ ಸೆಂಟ್ರಲ್ ಸ್ಟೇಷನ್ ಎಂಬ ದೊಡ್ಡ ಉಪಕರಣವೇ ಬೇಕು, ಅದರ ಬೆಲೆ ಇಡೀ ಆರಂಭಿಕ ಸೆಟ್ಟಿನ ಬೆಲೆಯನ್ನು ಮೀರುತ್ತದೆ. ಹಾಗೆ ಮೇಲಕ್ಕೆ ಹೋದಾಗ ಹಳೆಯ ಜೋಡಣೆಯ ಡಬ್ಬಿ ನಿರುಪಯುಕ್ತವಾಗುತ್ತದೆಯಾದರೂ ಮೊಬೈಲ್ ಸ್ಟೇಷನ್ನನ್ನು ಸೆಂಟ್ರಲ್ ಸ್ಟೇಷನ್‌ಗೆ ಜೋಡಿಸಿ ಹೆಚ್ಚುವರಿ ಕೈ ಕಂಟ್ರೋಲರ್ ಆಗಿ ಬಳಸಬಹುದು.

ಎಂಜಿನ್ ಹೇಗೆ ಓಡುತ್ತದೆ ಎಂಬುದನ್ನು ವೇಗದಲ್ಲಲ್ಲ, ನಿಧಾನದಲ್ಲಿ ನೋಡಬೇಕು. ಕೆಂಪು ಗುಂಡಿಯನ್ನು ಒಂದೇ ಒಂದು ಹಂತ ತಿರುಗಿಸಿ, ಚಕ್ರದ ಕಡ್ಡಿಗಳು ಒಂದೊಂದಾಗಿ ಎಣಿಸುವಷ್ಟು ನಿಧಾನವಾಗಿ ಹೊರಳುತ್ತವೆಯೇ, ಇಲ್ಲ ಎಂಜಿನ್ ತಡೆದು ತಡೆದು ಮುಂದೆ ಜಿಗಿಯುತ್ತದೆಯೇ ಎಂಬುದನ್ನು ಗಮನಿಸಿದರೆ ಡಿಕೋಡರ್‌ನ ಗುಣಮಟ್ಟ ತಿಳಿದುಬಿಡುತ್ತದೆ. ಒಳ್ಳೆಯ ಡಿಕೋಡರ್ ಮೋಟರಿಗೆ ಕೊಡುತ್ತಿರುವ ವಿದ್ಯುತ್ತನ್ನು ಮತ್ತೆ ಮತ್ತೆ ಕ್ಷಣಮಾತ್ರ ನಿಲ್ಲಿಸಿ, ಆ ಬಿಡುವಿನಲ್ಲಿ ತಿರುಗುತ್ತಿರುವ ಮೋಟರ್ ತಾನೇ ಉತ್ಪಾದಿಸುವ ವೋಲ್ಟೇಜನ್ನು ಅಳೆಯುತ್ತದೆ. ಅದರಿಂದ ಮೋಟರ್ ನಿಜವಾಗಿ ಎಷ್ಟು ವೇಗದಲ್ಲಿದೆ ಎಂದು ಅರಿತು, ಏರು ಬಂದಾಗ ಹೆಚ್ಚು, ಇಳಿಜಾರಿನಲ್ಲಿ ಕಡಿಮೆ ವಿದ್ಯುತ್ ಕೊಟ್ಟು ವೇಗವನ್ನು ಸಮನಾಗಿಡುತ್ತದೆ. ಮೆರ್ಕ್ಲಿನ್‌ನ ಇಂದಿನ ಡಿಕೋಡರ್‌ಗಳಲ್ಲಿ ಈ ನಿಯಂತ್ರಣ ಬಹಳ ಚೆನ್ನಾಗಿದೆ. ಗುಂಡಿ ತಿರುಗಿಸಿದ ತಕ್ಷಣ ಎಂಜಿನ್ ಓಡದೆ, ಭಾರವಾದ ನಿಜವಾದ ರೈಲಿನಂತೆ ಹೊತ್ತು ತೆಗೆದುಕೊಂಡು ವೇಗ ಪಡೆಯುವುದನ್ನು ಹೊಸಬರು ದೋಷವೆಂದು ಭಾವಿಸಬಾರದು; ಅದು ಬೇಕೆಂದೇ ಇಟ್ಟ ಗುಣ. ಬೋಗಿಗಳನ್ನು ಜೋಡಿಸುವ, ಕಳಚುವ ಸಮಯದಲ್ಲಿ ಅದು ಅಡ್ಡಿಯೆನಿಸಿದರೆ ನೇರ ನಿಯಂತ್ರಣದ ಗುಂಡಿಯಿಂದ, ಬಹಳಷ್ಟು ಎಂಜಿನ್‌ಗಳಲ್ಲಿ ಎಫ್ 4 ಎಂಬ ಸೌಲಭ್ಯದ ಗುಂಡಿಯಿಂದ, ಅದನ್ನು ತಾತ್ಕಾಲಿಕವಾಗಿ ತೆಗೆಯಬಹುದು.

ವೇಗದ ಬಗ್ಗೆ ಒಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 22.2 ಮೀಟರ್, ಅದನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 25.5 ಸೆಂ.ಮೀ. ಆಗುತ್ತದೆ. 360 ಮಿ.ಮೀ. ತ್ರಿಜ್ಯದ ಪೂರ್ಣ ವೃತ್ತಕ್ಕೆ ಎರಡೂ ಬದಿಗೆ 188.3 ಮಿ.ಮೀ. ಉದ್ದದ ಎರಡೆರಡು ನೇರ ತುಂಡುಗಳನ್ನು ಸೇರಿಸಿದ ಅಂಡಾಕಾರದ ಸುತ್ತಳತೆ ಸುಮಾರು 3 ಮೀಟರ್. ಅಂದರೆ ಒಂದು ಸುತ್ತು 12 ಸೆಕೆಂಡಿಗಿಂತ ಬೇಗ ಮುಗಿದರೆ ನಿಮ್ಮ ಸರಕಿನ ರೈಲು 80ನ್ನು ಮೀರಿ ಓಡುತ್ತಿದೆ. ಹೆಚ್ಚಿನವರು ಆರಂಭದಲ್ಲಿ ಇದರ ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ, ಬೇಗನೆ ಬೇಸರಪಡುತ್ತಾರೆ. ಡಿಕೋಡರ್‌ನಲ್ಲಿ ಗರಿಷ್ಠ ವೇಗವನ್ನು ತಗ್ಗಿಸಿಟ್ಟರೆ ಗುಂಡಿಯ ಪೂರ್ತಿ ತಿರುವು ಉಪಯೋಗಕ್ಕೆ ಬರುತ್ತದೆ, ಪುಟ್ಟ ಹಳಿಯೂ ದೊಡ್ಡದಾಗಿ ಕಾಣುತ್ತದೆ. ಸೆಟ್ಟಿನ ಕೈಪಿಡಿಗಳಲ್ಲಿ ಈ ಸಲಹೆ ಮುಖಪುಟದಲ್ಲೇ ಇರಬೇಕಿತ್ತು.

ಹಳಿಯ ವಿಷಯಕ್ಕೆ ಬಂದರೆ, 1996ರಲ್ಲಿ ಬಂದ ಸಿ-ಟ್ರ್ಯಾಕ್ ಈ ಸೆಟ್ಟಿನ ನಿಜವಾದ ಬಂಡವಾಳ. ಕಂಬಿಗಳು ಜಲ್ಲಿಯಂತೆ ಕಾಣುವ ಪ್ಲಾಸ್ಟಿಕ್ ತಳಕ್ಕೆ ಅಂಟಿಕೊಂಡಿವೆ. ಎರಡು ತುಂಡುಗಳನ್ನು ಎದುರುಬದುರಾಗಿ ಇಟ್ಟು ಒತ್ತಿದರೆ ಕ್ಲಿಕ್ ಎಂಬ ಸದ್ದಿನೊಂದಿಗೆ ಕೂಡುತ್ತವೆ, ಅದರೊಂದಿಗೇ ವಿದ್ಯುತ್ ಸಂಪರ್ಕವೂ ಆಗುತ್ತದೆ. ಬೇರೆ ಕೆಲವು ಹಳಿಗಳಲ್ಲಿ ಕಂಬಿಯ ತುದಿಯ ತೆಳು ಲೋಹದ ಕೊಂಡಿಯನ್ನು ಬಗ್ಗದಂತೆ ಸೇರಿಸುವುದು ನಾಜೂಕಿನ ಕೆಲಸ. ಇಲ್ಲಿ ಆ ತಾಪತ್ರಯವಿಲ್ಲ. ಜೋಡಿಸಿ ಬಿಚ್ಚುವ ಕೆಲಸ ಬಹಳ ಸಲ ನಡೆದರೂ ಹಿಡಿತ ಸುಲಭವಾಗಿ ಸಡಿಲಾಗುವುದಿಲ್ಲ. ಜೋಡಣೆಯ ಡಬ್ಬಿಯಿಂದ ಬರುವ ಕೆಂಪು ಮತ್ತು ಕಂದು ತಂತಿಗಳನ್ನು ಯಾವುದೇ ತುಂಡಿನ ತಳದಲ್ಲಿರುವ ಚಪ್ಪಟೆ ಲೋಹದ ನಾಲಿಗೆಗಳಿಗೆ ಸಿಕ್ಕಿಸಿದರೆ ಹಳಿ ಸಿದ್ಧ: ಕೆಂಪು ನಡುವಿನ ಸಾಲಿಗೆ, ಕಂದು ಎರಡು ಕಂಬಿಗಳಿಗೆ. ವಿದ್ಯುತ್ ಕೊಡಲೆಂದೇ ವಿಶೇಷ ತುಂಡು ಬೇಕಿಲ್ಲ ಎಂಬುದು ಚಿಕ್ಕ ವಿಷಯವಾದರೂ, ಹಳಿಯ ವಿನ್ಯಾಸವನ್ನು ಬದಲಿಸುತ್ತಲೇ ಇರುವವರಿಗೆ ದೊಡ್ಡ ಅನುಕೂಲ.

ಜಾಗದ ಅಂದಾಜನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಚಿಕ್ಕ ತಿರುವಿನ ತ್ರಿಜ್ಯ 360 ಮಿ.ಮೀ. ಆದ್ದರಿಂದ ವೃತ್ತದ ಅಡ್ಡಳತೆ 720 ಮಿ.ಮೀ.; 40 ಮಿ.ಮೀ. ಅಗಲದ ತಳವನ್ನು ಸೇರಿಸಿದರೆ 760. ತಿರುವಿನಲ್ಲಿ ಬೋಗಿಗಳ ಮೂಲೆಗಳು ಹೊರಚಾಚುತ್ತವೆ, ಹಳಿ ತಪ್ಪಿದ ಎಂಜಿನ್ ಅಂಚಿನಿಂದ ಕೆಳಗುರುಳದಂತೆ ಸ್ವಲ್ಪ ಜಾಗವೂ ಬೇಕು. ಹೀಗಾಗಿ ಸುಮಾರು 90 ಸೆಂ.ಮೀ.ಗಿಂತ ಕಡಿಮೆ ಅಗಲದ ಹಲಗೆಯನ್ನು ನಾನು ಶಿಫಾರಸು ಮಾಡಲಾರೆ. ಮುಂದೆ 437.5 ಮಿ.ಮೀ. ತ್ರಿಜ್ಯದ ಎರಡನೆಯ ವರ್ತುಲವನ್ನು ಹೊರಗಡೆ ಹಾಕುವ ಆಸೆಯಿದ್ದರೆ ಅಗಲ ಇನ್ನೂ 15 ಸೆಂ.ಮೀ. ಹೆಚ್ಚುತ್ತದೆ. ಚಿಕ್ಕ ತಿರುವುಗಳಿಗೆ ತೆರುವ ಇನ್ನೊಂದು ಬೆಲೆಯೂ ಉಂಟು. 26.4 ಮೀಟರ್ ಉದ್ದದ ನಿಜವಾದ ಬೋಗಿ ಈ ಅಳತೆಯಲ್ಲಿ 30 ಸೆಂ.ಮೀ.ಗಿಂತ ತುಸು ಹೆಚ್ಚಿರಬೇಕು; ಆದರೆ ಇಕ್ಕಟ್ಟಾದ ತಿರುವಿನಲ್ಲೂ ಸಾಗಲೆಂದು ಮೆರ್ಕ್ಲಿನ್ ತನ್ನ ಹಲವು ಉದ್ದ ಬೋಗಿಗಳನ್ನು 28.2 ಸೆಂ.ಮೀ.ಗೆ ಕುಗ್ಗಿಸಿ ಮಾಡುತ್ತದೆ. ಅಳತೆಯ ನಿಖರತೆಯನ್ನು ಪ್ರಾಣದಂತೆ ಕಾಣುವವರಿಗೆ ಇದು ಸಹಿಸಲಾಗದ ವಿಷಯ. ನನ್ನ ಮಟ್ಟಿಗೆ, ಈ ತ್ರಿಜ್ಯದಲ್ಲಿ ಪೂರ್ಣ ಉದ್ದದ ಬೋಗಿಗಳ ನಡುವೆ ತೆರೆದುಕೊಳ್ಳುವ ಅಂತರಕ್ಕಿಂತ ಕುಗ್ಗಿಸಿದ ಬೋಗಿಗಳೇ ಕಣ್ಣಿಗೆ ಒಪ್ಪುತ್ತವೆ.

ಈಗ ಈ ಸೆಟ್ಟಿನ ಬಗ್ಗೆ ಅತ್ಯಂತ ಮುಖ್ಯವಾದ ತೀರ್ಮಾನಕ್ಕೆ ಬರಬೇಕು. ಮೆರ್ಕ್ಲಿನ್ ಎಚ್‌ಓ ಹಳಿಯ ನಡುವೆ, ಪ್ರತಿ ಸ್ಲೀಪರಿನ (ಕಂಬಿಗಳ ಅಡಿಯ ಅಡ್ಡಪಟ್ಟಿಯ) ಮೇಲೆ ಸೂಜಿತಲೆಯಷ್ಟು ಗಾತ್ರದ ಲೋಹದ ಮೊಳೆಗಳ ಸಾಲಿದೆ. ಎಂಜಿನ್ನಿನ ಹೊಟ್ಟೆಯಡಿಯಿರುವ ಉದ್ದನೆಯ ಲೋಹದ ಪಟ್ಟಿ ಈ ಮೊಳೆಗಳ ಮೇಲೆ ಜಾರುತ್ತಾ ವಿದ್ಯುತ್ ಪಡೆಯುತ್ತದೆ, ಎರಡೂ ಕಂಬಿಗಳು ಒಟ್ಟಾಗಿ ಮರಳುವ ದಾರಿಯಾಗುತ್ತವೆ. ಉಳಿದ ಬಹುತೇಕ ಕಂಪನಿಗಳು ಎರಡು ಕಂಬಿಗಳ ನಡುವೆಯೇ ವಿದ್ಯುತ್ ಹರಿಸುತ್ತವೆ, ಆದ್ದರಿಂದ ಅವರ ಎಂಜಿನ್‌ಗಳಲ್ಲಿ ಎಡ ಬಲ ಚಕ್ರಗಳು ವಿದ್ಯುತ್ ಹರಿಯದಂತೆ ಪರಸ್ಪರ ಬೇರ್ಪಟ್ಟಿರುತ್ತವೆ. ಮೆರ್ಕ್ಲಿನ್ ಎಂಜಿನ್ನನ್ನು ಅಂಥ ಹಳಿಯ ಮೇಲಿಟ್ಟರೆ ಶಾರ್ಟ್ ಸರ್ಕಿಟ್ ಆಗುತ್ತದೆ. ಅವರ ಎಂಜಿನ್ನನ್ನು ಇಲ್ಲಿಟ್ಟರೆ ನಡುವಿನ ಸಾಲಿನಿಂದ ವಿದ್ಯುತ್ ಪಡೆಯುವ ಪಟ್ಟಿಯೇ ಅದಕ್ಕಿಲ್ಲ. ಪೆಟ್ಟಿಗೆ ತೆರೆದ ದಿನವೇ ನೀವು ಒಂದು ಪಂಥಕ್ಕೆ ಸೇರಿದಂತೆ. ರೋಕೋ, ಪೀಕೋ ಮುಂತಾದವರು ತಮ್ಮ ಅನೇಕ ಎಂಜಿನ್‌ಗಳನ್ನು ಮೂರು ಕಂಬಿಯ, ಅಂದರೆ ನಡುವಿನ ಸಾಲಿನಿಂದ ವಿದ್ಯುತ್ ಪಡೆಯುವ, ಆವೃತ್ತಿಯಲ್ಲೂ ತಯಾರಿಸುತ್ತಾರಾದ್ದರಿಂದ ಆಯ್ಕೆ ತೀರಾ ಸೀಮಿತವೇನಲ್ಲ. ಆದರೆ ಅಮೆರಿಕದ ಅಥವಾ ಬ್ರಿಟನ್ನಿನ ರೈಲುಗಳ ಮೇಲೆ ಮನಸ್ಸಿದ್ದವರು ಈ ದಾರಿ ಹಿಡಿಯಲೇಬಾರದು. ಅಲ್ಲಿನ ಮಾದರಿಗಳು ಎರಡು ಕಂಬಿಯ ಲೋಕಕ್ಕೆ ಸೇರಿದವು.

ಈ ಮೂರನೆಯ ದಾರಿಯಿಂದ ಸಿಗುವ ಲಾಭವೂ ಕಡಿಮೆಯದಲ್ಲ. ಹಳಿ ಸುತ್ತಿಕೊಂಡು ಬಂದು ತನ್ನನ್ನೇ ಸೇರುವ ಹಿಂತಿರುವು ಎರಡು ಕಂಬಿಯ ವ್ಯವಸ್ಥೆಯಲ್ಲಿ ಎಡ ಕಂಬಿಯನ್ನು ಬಲ ಕಂಬಿಗೆ ತಾಗಿಸಿ ಶಾರ್ಟ್ ಮಾಡುತ್ತದೆ, ಅದನ್ನು ತಪ್ಪಿಸಲು ಧ್ರುವ ಬದಲಿಸುವ ಪ್ರತ್ಯೇಕ ಉಪಕರಣ ಬೇಕು. ಇಲ್ಲಿ ಎರಡೂ ಕಂಬಿಗಳು ಒಂದೇ ಆಗಿರುವುದರಿಂದ ಹಿಂತಿರುವನ್ನು ಮನಸ್ಸಿಗೆ ಬಂದಲ್ಲಿ ಹಾಕಬಹುದು. ಮಕ್ಕಳು ನೆಲದ ಮೇಲೆ ಹಳಿ ಜೋಡಿಸುವಾಗ ಮೊದಲು ಮಾಡುವುದೇ ಇಂಥ ತಿರುವನ್ನು. ಅದಲ್ಲದೆ, ಒಂದು ಕಂಬಿಯನ್ನು ಸ್ವಲ್ಪ ದೂರದವರೆಗೆ ವಿದ್ಯುತ್ ಸಂಪರ್ಕದಿಂದ ಬೇರ್ಪಡಿಸಿಟ್ಟರೆ, ಯಾವುದೇ ಬೋಗಿಯ ಚಕ್ರಗಳು ಆ ಎರಡು ಕಂಬಿಗಳನ್ನು ಸೇರಿಸಿದೊಡನೆ ಅಲ್ಲಿ ರೈಲು ನಿಂತಿದೆ ಎಂಬ ಸೂಚನೆ ಸಿಗುತ್ತದೆ. ರೈಲಿನ ಇರವನ್ನು ಪತ್ತೆಹಚ್ಚಲು ಇದಕ್ಕಿಂತ ಸರಳವಾದ ಉಪಾಯವಿಲ್ಲ. ಎರಡು ಕಂಬಿಯ ಹಳಿಯೇ ಬೇಕು, ಆದರೆ ಈ ಕಂಟ್ರೋಲರ್ ಮತ್ತು ಈ ಗಟ್ಟಿ ತಳ ಇಷ್ಟವಾಗಿದೆ ಎನ್ನುವವರಿಗೆ ಮೆರ್ಕ್ಲಿನ್‌ನ ಒಡೆತನದಲ್ಲೇ ಇರುವ ಟ್ರಿಕ್ಸ್ ಹೆಸರಿನ ಸೆಟ್‌ಗಳಿವೆ. ಅವುಗಳ ಸಿ-ಟ್ರ್ಯಾಕಿನಲ್ಲಿ ನಡುವಿನ ಮೊಳೆಗಳಿರುವುದಿಲ್ಲ, ಡಿಸಿಸಿ ಎಂಜಿನ್‌ಗಳ ವಿಶಾಲ ಲೋಕಕ್ಕೆ ಬಾಗಿಲು ತೆರೆದಿರುತ್ತದೆ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈ ಸೆಟ್‌ಗಳೊಂದಿಗೆ ಸಾಮಾನ್ಯವಾಗಿ ಬರುವ 36 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಅಡಾಪ್ಟರ್ ಎರಡು ಮೂರು ರೈಲುಗಳನ್ನು ಒಟ್ಟಿಗೆ ಓಡಿಸಲು ಸಾಕು. ಬೋಗಿಗಳೊಳಗೆ ಹಳೆಯ ಬಗೆಯ ಬಲ್ಬ್‌ಗಳಿದ್ದರೆ ಬೇಗ ಮಿತಿ ಮುಟ್ಟುತ್ತದೆ. ಆದರೆ ಮನೆಯಲ್ಲಿ ಹಿರಿಯರ ಕಾಲದ ಮೆರ್ಕ್ಲಿನ್ ರೈಲು ಉಳಿದಿರುವವರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಹಳೆಯ ಟ್ರಾನ್ಸ್‌ಫಾರ್ಮರನ್ನು ಡಿಜಿಟಲ್ ಡಬ್ಬಿ ಜೋಡಿಸಿದ ಹಳಿಗೆ ಯಾವ ಕಾರಣಕ್ಕೂ ಸಂಪರ್ಕಿಸಬಾರದು. ಹಳೆಯ ವ್ಯವಸ್ಥೆಯಲ್ಲಿ ದಿಕ್ಕು ಬದಲಿಸಲು ಸುಮಾರು 24 ವೋಲ್ಟ್‌ಗಳ ಹೊಡೆತವನ್ನು ಹಳಿಗೆ ಕಳಿಸಲಾಗುತ್ತಿತ್ತು, 220 ವೋಲ್ಟ್‌ಗಾಗಿ ತಯಾರಿಸಿದ ಹಳೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ಇಂದಿನ 230 ವೋಲ್ಟ್‌ಗೆ ಸಿಕ್ಕಿಸಿದರೆ ಆ ಹೊಡೆತ ಇನ್ನೂ ಜೋರಾಗುತ್ತದೆ. ಡಿಕೋಡರ್ ಸುಟ್ಟುಹೋಗಲು ಅದೊಂದೇ ಸಾಕು. ರೇಡಿಯೋ ತೊಂದರೆ ತಡೆಯಲು ಕೆಪಾಸಿಟರ್ ಇಟ್ಟಿರುವ ಹಳೆಯ ಸಂಪರ್ಕದ ಹಳಿಗಳನ್ನೂ ಬಳಸಬಾರದು. ಅವು ಡಿಜಿಟಲ್ ಸಂಕೇತವನ್ನು ಕೆಡಿಸುತ್ತವೆ. ಹಳೆಯ ಬೋಗಿಗಳನ್ನು ಮಾತ್ರ ನಿಶ್ಚಿಂತೆಯಿಂದ ಹೊಸ ಎಂಜಿನ್ನಿನ ಹಿಂದೆ ಕಟ್ಟಬಹುದು.

ನಿರ್ವಹಣೆಯಲ್ಲಿ ಈ ಹಳಿ ಉದಾರವಾಗಿದೆ. ಜಾರುವ ಪಟ್ಟಿ ಮೊಳೆಗಳನ್ನು ತಾನೇ ಉಜ್ಜುತ್ತಾ ಹೋಗುವುದರಿಂದ ಮತ್ತು ಮರಳುವ ದಾರಿಗೆ ಎರಡು ಕಂಬಿಗಳಿರುವುದರಿಂದ, ಎರಡು ಕಂಬಿಯ ವ್ಯವಸ್ಥೆಗಿಂತ ಕೊಳೆಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಹಾಗಿದ್ದರೂ ದೀಪ ಮಿಣುಕತೊಡಗಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿದ ಬಟ್ಟೆಯಿಂದ ಕಂಬಿಗಳನ್ನೂ ಚಕ್ರಗಳನ್ನೂ ಒರೆಸಬೇಕು. ಮರಳು ಕಾಗದ ಹಚ್ಚಿದರೆ ಮೂಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂಡುತ್ತದೆ. ಎಂಜಿನ್ನಿನ ಕೆಲವು ಚಕ್ರಗಳಿಗೆ ಹಿಡಿತಕ್ಕಾಗಿ ರಬ್ಬರ್ ಬಳೆಗಳನ್ನು ತೊಡಿಸಿರುತ್ತಾರೆ, ಎಣ್ಣೆ ತಾಗಿದರೆ ಅವು ಜಾರತೊಡಗುತ್ತವೆ. ಆದ್ದರಿಂದ ಕೈಪಿಡಿಯಲ್ಲಿ ತೋರಿಸಿದ ಜಾಗಗಳಿಗೆ ಸೂಜಿಯ ತುದಿಯಿಂದ ಒಂದೊಂದೇ ಹನಿ ಎಣ್ಣೆ ಸಾಕು. ಸಿ-ಟ್ರ್ಯಾಕನ್ನು ನೆಲದ ಮೇಲೆ ಹಾಸಬಹುದೆಂಬುದು ನಿಜ, ಆದರೆ ನೂಲೆಳೆ ಬಿಡುವ ಕಾರ್ಪೆಟ್ಟಿನ ಮೇಲೆ ಬೇಡ. ಎಳೆಗಳು ಹಲ್ಲಿನ ಚಕ್ರಗಳಿಗೆ ಸುತ್ತಿಕೊಂಡರೆ ಬಿಡಿಸುವುದು ಪ್ರಯಾಸದ ಕೆಲಸ.

ಸೆಟ್ ತಂದ ಮೇಲೆ ಮುಂದಿನ ಖರೀದಿ ಏನಿರಬೇಕು ಎಂಬ ಪ್ರಶ್ನೆಗೆ ಎರಡನೆಯ ಎಂಜಿನ್ ಎಂಬ ಉತ್ತರ ಸುಲಭವಾಗಿ ನಾಲಿಗೆಗೆ ಬರುತ್ತದೆ. ನಾನು ಪಾಯಿಂಟ್‌ಗಳನ್ನು ಮೊದಲಿಡುತ್ತೇನೆ. ಬರಿಯ ಅಂಡಾಕಾರದ ಮೇಲೆ ಎರಡು ಎಂಜಿನ್‌ಗಳು ಒಂದರ ಹಿಂದೆ ಒಂದು ಸುತ್ತುತ್ತವೆಯೇ ಹೊರತು ಡಿಜಿಟಲ್‌ನ ನಿಜವಾದ ಸಾಮರ್ಥ್ಯ ಕಾಣುವುದಿಲ್ಲ. ಎರಡು ಪಾಯಿಂಟ್‌ಗಳಿಂದ ಒಂದು ಪಕ್ಕದ ಹಾದಿ ಸಿದ್ಧವಾದರೆ ಒಂದು ರೈಲು ದೀಪ ಉರಿಸಿಕೊಂಡು ಅಲ್ಲಿ ಕಾಯಬಹುದು, ಇನ್ನೊಂದು ಅದನ್ನು ದಾಟಿಹೋಗಬಹುದು. ಎಂಜಿನ್ನನ್ನು ಕಳಚಿ, ಪಕ್ಕದ ಹಾದಿಯಿಂದ ಸುತ್ತಿಸಿ, ಬೋಗಿಗಳ ಇನ್ನೊಂದು ತುದಿಗೆ ಕಟ್ಟಬಹುದು. ಮೊದಲಿಗೆ ಕೈಯಿಂದ ತಿರುಗಿಸುವ ಪಾಯಿಂಟ್‌ಗಳೇ ಸಾಕು. ಸಿ-ಟ್ರ್ಯಾಕಿನ ಪಾಯಿಂಟ್‌ಗಳ ತಳದಲ್ಲಿ ಮೋಟರಿಗೂ ಡಿಕೋಡರಿಗೂ ಜಾಗ ಬಿಟ್ಟಿರುವುದರಿಂದ ಮುಂದೆ ಬೇಕೆನಿಸಿದಾಗ ಹಳಿಯನ್ನು ಬದಲಿಸದೆ ಅವುಗಳನ್ನು ಒಳಗೆ ಸೇರಿಸಿ, ಮೊಬೈಲ್ ಸ್ಟೇಷನ್ನಿನಿಂದಲೇ ತಿರುಗಿಸಬಹುದು. ಹೊರಗಡೆ ಒಂದು ತಂತಿಯೂ ಕಾಣುವುದಿಲ್ಲ. ಪಾಯಿಂಟಿನ ಡಿಕೋಡರ್‌ಗೆ ವಿಳಾಸ ಕೊಡುವಾಗ ಮಾತ್ರ ಎಂಎಫ್‌ಎಕ್ಸ್‌ನ ಸೌಕರ್ಯವನ್ನು ನಿರೀಕ್ಷಿಸಬಾರದು. ಅದರ ಮೇಲಿನ ಪುಟ್ಟ ಸ್ವಿಚ್‌ಗಳನ್ನು ಕೋಷ್ಟಕ ನೋಡಿಕೊಂಡು ಹೊಂದಿಸಬೇಕು, ಅದನ್ನು ತಳದೊಳಗೆ ಕೂರಿಸುವ ಮೊದಲೇ ಹೊಂದಿಸಿ, ಸಂಖ್ಯೆಯನ್ನು ಹಳಿಯ ಅಡಿಭಾಗದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.